ಅರ್ಥಶಾಸ್ತ್ರದಲ್ಲಿ ಡಿಗ್ರಿ: ಊರಿನ ಬಿಎ, ಬಿಕಾಂ, ಬಿಎಸ್ಸಿ, ಹೊರಗಿನ ಯೂನಿವರ್ಸಿಟಿ – ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳಿಗೆ ಯಾವುದು ಸರಿ?

ಪಿಯು ಫಲಿತಾಂಶ ಬಂದ ವಾರ ಸೈನ್ಸ್ ಮಕ್ಕಳ ಮನೆಯಲ್ಲಿ ಸಿಇಟಿ, ನೀಟ್ ಮಾತು. ಆರ್ಟ್ಸ್, ಕಾಮರ್ಸ್ ಮಕ್ಕಳ ಮನೆಯಲ್ಲಿ ಬೇರೆ ಮಾತು: "ಬಿಎ ಮಾಡಿ ಏನ್ ಮಾಡ್ತೀಯಪ್ಪ? ಬಿಕಾಂ ಆದ್ರೂ ಮಾಡು." ಈ ಸಲಹೆ ಕೊಡುವ ಮಾವನನ್ನು ಬಿಎಯಲ್ಲಿ ಏನಿದೆ, ಬಿಕಾಂನಲ್ಲಿ ಏನಿದೆ ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ. ಅಷ್ಟರಲ್ಲಿ ಪ್ರವೇಶದ ಕೊನೆ ದಿನ ಬಂದಿರುತ್ತದೆ. ಗೆಳೆಯರು ಎಲ್ಲಿ ಸೇರಿದರೋ ಅಲ್ಲೇ ನಾವೂ ಸೇರಿರುತ್ತೇವೆ.

ಅರ್ಥಶಾಸ್ತ್ರ ಇಷ್ಟ, ಅದನ್ನೇ ಮುಂದೆ ಓದಬೇಕು ಅನ್ನುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಿಯು ತರಗತಿಗೆ ಈ ವಿಷಯ ಹೇಳಿಕೊಡುವವನು ನಾನು. ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇದೆ, ಮೊದಲೇ ಹೇಳಿಬಿಡುತ್ತೇನೆ. ನನ್ನ ಒಟ್ಟು ಅಭಿಪ್ರಾಯ ಇಷ್ಟು: ಯಾವ ಕಾಲೇಜು ಅನ್ನುವುದಕ್ಕಿಂತ ಗಣಿತವನ್ನು ಜೊತೆಗೆ ಇಟ್ಟುಕೊಳ್ಳುತ್ತೀರಾ, ಇಲ್ಲಿಗೇ ಬಿಡುತ್ತೀರಾ ಅನ್ನುವುದು ದೊಡ್ಡ ಪ್ರಶ್ನೆ. ಮುಂದೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಅನ್ನುವುದು ಬಹಳ ಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ.

ಊರಿನ ಬಿಎ

ಸದ್ಯದ ವ್ಯವಸ್ಥೆ ಮೊದಲು ತಿಳಿದುಕೊಳ್ಳೋಣ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಡಿಗ್ರಿ ಬಂತು. 2024-25ರಿಂದ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮುಖ್ಯ ವಿಷಯ ಅಂತ ಮಾಡಿದರು. ಈ ಬದಲಾವಣೆಗೆ ಶಿಫಾರಸು ಮಾಡಿದ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷ ಸುಖದೇವ್ ಥೋರಟ್ ಸ್ವತಃ ಅರ್ಥಶಾಸ್ತ್ರಜ್ಞರು. ಅಣ್ಣನೋ ಅಕ್ಕನೋ 2022ರಲ್ಲಿ ಸೇರಿದ್ದರೆ ಅವರು ಓದಿದ್ದು ಬೇರೆ ಸಿಲಬಸ್. ಅವರ ನೋಟ್ಸ್ ಇಸಿದುಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ.

ನಮ್ಮ ಮೂರು ಜಿಲ್ಲೆಗೆ ಈಗ ಮೂರು ವಿಶ್ವವಿದ್ಯಾಲಯಗಳಿವೆ. ಬಳ್ಳಾರಿಗೆ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ರಾಯಚೂರಿನ ಕಾಲೇಜುಗಳು ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿದ್ದವು, 2021ರಿಂದ ಯರಗೇರಾದಲ್ಲಿರುವ ರಾಯಚೂರು ವಿಶ್ವವಿದ್ಯಾಲಯಕ್ಕೆ (ಈಗ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ) ಬಂದವು. ಕೊಪ್ಪಳದವರು ಬಳ್ಳಾರಿಯ ಜೊತೆಗಿದ್ದರು, 2023ರಲ್ಲಿ ಅವರಿಗೂ ತಳಕಲ್‌ನಲ್ಲಿ ಬೇರೆ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯವುಗಳ ಜೊತೆ ಸೇರಿಸುವ ಮಾತು ಸರ್ಕಾರದಲ್ಲೇ ನಡೆಯಿತು. ಕೊಪ್ಪಳದ ಹೆಸರೂ ಆ ಪಟ್ಟಿಯಲ್ಲಿತ್ತು. ಪೋಷಕರು ಇದಕ್ಕೆ ಹೆದರುತ್ತಾರೆ. ಹೆದರುವ ಅಗತ್ಯವಿಲ್ಲ. ಸರ್ಕಾರಿ ವಿಶ್ವವಿದ್ಯಾಲಯ ವಿಲೀನವಾದರೂ ಮಾರ್ಕ್ಸ್ ಕಾರ್ಡ್ ಮೇಲಿನ ಹೆಸರು ಬದಲಾದೀತು, ಡಿಗ್ರಿಯ ಬೆಲೆ ಹೋಗುವುದಿಲ್ಲ.

ಬಿಎಯಲ್ಲಿ ಅರ್ಥಶಾಸ್ತ್ರ ಒಂಟಿಯಾಗಿ ಸಿಗುವುದಿಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್‌ಇಪಿ ಎಲ್ಲಕ್ಕಿಂತ ಹೆಚ್ಚು ಓಡುವ ಜೋಡಿ. ರಾಜ್ಯಶಾಸ್ತ್ರದ ಬದಲು ಸಮಾಜಶಾಸ್ತ್ರವೋ ಐಚ್ಛಿಕ ಕನ್ನಡವೋ ಇರಬಹುದು. ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಮನಸ್ಸಿದ್ದವರಿಗೆ ಎಚ್‌ಇಪಿ ಒಳ್ಳೆಯ ಆಯ್ಕೆ, ಇದರಲ್ಲಿ ಎರಡು ಮಾತಿಲ್ಲ. ಸಾಮಾನ್ಯ ಅಧ್ಯಯನ ಪತ್ರಿಕೆಯ ದೊಡ್ಡ ಭಾಗ ಈ ಮೂರು ವಿಷಯದಲ್ಲೇ ಬರುತ್ತದೆ. ಡಿಗ್ರಿ ಓದುತ್ತಲೇ ಅರ್ಧ ತಯಾರಿ ಮುಗಿಯುತ್ತದೆ.

ಅರ್ಥಶಾಸ್ತ್ರವನ್ನೇ ವೃತ್ತಿ ಮಾಡಿಕೊಳ್ಳಬೇಕು ಅನ್ನುವವರಿಗೆ ಮಾತ್ರ ಎಚ್‌ಇಪಿಯಲ್ಲಿ ಒಂದು ಕೊರತೆ ಇದೆ. ಮೂರು ವರ್ಷದಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಹಣ ಮತ್ತು ಬ್ಯಾಂಕಿಂಗ್, ಸಾರ್ವಜನಿಕ ಹಣಕಾಸು, ಭಾರತದ ಅರ್ಥವ್ಯವಸ್ಥೆ, ಕರ್ನಾಟಕದ ಅರ್ಥವ್ಯವಸ್ಥೆ ಎಲ್ಲವೂ ಬರುತ್ತವೆ. ಆದರೆ ಹೆಚ್ಚಿನ ಕಡೆ ಅವನ್ನು ಹೇಳುವುದು ವಿವರಣೆಯ ರೂಪದಲ್ಲಿ. ಬೇಡಿಕೆಯ ರೇಖೆಯ ಚಿತ್ರ ಬಿಡಿಸುತ್ತೇವೆ, ಅದರ ಹಿಂದಿನ ಸಮೀಕರಣ ಬಿಡಿಸುವುದಿಲ್ಲ. ಅಂಕಿಸಂಖ್ಯೆಯ ಪತ್ರಿಕೆ ಬಂದಾಗ ಸರಾಸರಿ, ಮಧ್ಯಾಂಕ, ಸಹಸಂಬಂಧದಾಚೆ ದಾಟುವುದು ಕಷ್ಟ. ಪರೀಕ್ಷೆಗೆ ಅಷ್ಟು ಸಾಕು. ಮುಂದಿನ ಎಂಎಗೆ ಸಾಕಾಗುವುದಿಲ್ಲ.

ಊರಲ್ಲೇ ಓದುವುದರಲ್ಲಿ ಖರ್ಚು ಕಡಿಮೆ, ನಿಜ. ಇನ್ನೊಂದು ಲಾಭದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅರ್ಥಶಾಸ್ತ್ರ ಕಲಿಯಲು ನಮ್ಮ ಸೀಮೆಯಂಥ ಜಾಗ ಸಿಗುವುದು ಕಷ್ಟ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಮಾಲೀಕರ ಕಂತು, ಹೋಟೆಲ್‌ಗಳ ವ್ಯಾಪಾರ, ಸೈಟಿನ ಬೆಲೆ ಎಲ್ಲ ಏನಾಯಿತು ಅಂತ ಸಂಡೂರು, ಹೊಸಪೇಟೆಯ ಯಾರನ್ನಾದರೂ ಕೇಳಿ. ಬೇಡಿಕೆ ಕುಸಿತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹರಡುತ್ತದೆ ಅನ್ನುವ ಪಾಠ ಅಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ರೈತರ ಲೆಕ್ಕಾಚಾರವೇ ತಲೆಕೆಳಗಾಯಿತು. ನೀರು ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಬೀಜ, ಗೊಬ್ಬರ, ಗುತ್ತಿಗೆಗೆ ಎಷ್ಟು ಹಣ ಹಾಕಬೇಕು? ಅನಿಶ್ಚಿತತೆಯಲ್ಲಿ ನಿರ್ಧಾರ ಅನ್ನುವ ಅಧ್ಯಾಯ ಇದೇ. ಬಳ್ಳಾರಿಯ ಜೀನ್ಸ್ ಘಟಕಗಳು, ರಾಯಚೂರಿನ ಹತ್ತಿ ಮಾರುಕಟ್ಟೆ, ಹಟ್ಟಿಯ ಚಿನ್ನದ ಗಣಿ, ಕೊಪ್ಪಳದ ಭಾಗ್ಯನಗರದ ಕೂದಲು ಉದ್ಯಮ – ಒಂದೊಂದೂ ಒಂದೊಂದು ಪ್ರಾಜೆಕ್ಟ್ ಆಗಬಲ್ಲದು. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದಲ್ಲಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವೇ. ಅಂದರೆ ನಮ್ಮವು. ಆ ವರದಿ ಇಟ್ಟುಕೊಂಡು ನಿಮ್ಮ ತಾಲ್ಲೂಕಿನ ಶಾಲೆ, ಆಸ್ಪತ್ರೆ, ನೀರಾವರಿ ಅಂದಿನಿಂದ ಎಷ್ಟು ಬದಲಾಗಿದೆ ಅಂತ ನೋಡಿದರೆ ಬೆಂಗಳೂರಿನ ಹುಡುಗರ ಹತ್ತಿರ ಇಲ್ಲದ ಒಂದು ಕೆಲಸ ನಿಮ್ಮ ಕೈಯಲ್ಲಿರುತ್ತದೆ.

ಇನ್ನು ಕಾಲೇಜು ಯಾವುದು? ಬಳ್ಳಾರಿಯ ವೀರಶೈವ ಕಾಲೇಜು, ರಾಯಚೂರಿನ ಎಲ್‌ವಿಡಿ ಕಾಲೇಜು, ಕೊಪ್ಪಳದ ಗವಿಸಿದ್ಧೇಶ್ವರ ಕಾಲೇಜು ಹಳೆಯ ಹೆಸರುಗಳು. ಹೆಚ್ಚಿನ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಯಾವುದು ಮೇಲು ಅಂತ ಪಟ್ಟಿ ಮಾಡುವುದು ನನ್ನ ಕೆಲಸ ಅಲ್ಲ, ಮಾಡಿದರೂ ಅದು ಎರಡು ವರ್ಷಕ್ಕೆ ಹಳತಾಗುತ್ತದೆ. ನೀವೇ ಹೋಗಿ ವಿಚಾರಿಸಿ. ಅರ್ಥಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ, ಎಲ್ಲವೂ ಅತಿಥಿ ಉಪನ್ಯಾಸಕರ ಮೇಲೇ ನಿಂತಿದೆಯಾ? ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ, ತಕರಾರು ಅವರದ್ದಲ್ಲ. ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಸುಮ್ನೆ ಹೋಗುತ್ತವೆ, ಅದು ತಕರಾರು. ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಲು ಬಿಡುತ್ತಾರಾ ಅಂತಲೂ ಕೇಳಿ. ಕೊನೆಯದಾಗಿ ಲೈಬ್ರರಿಗೆ ಹೋಗಿ ನೋಡಿ. ಗೈಡ್‌ಗಳ ರಾಶಿ ಬಿಟ್ಟು ನಿಜವಾದ ಪಠ್ಯಪುಸ್ತಕ ಎಷ್ಟಿದೆ ಅನ್ನುವುದು ಆ ವಿಭಾಗದ ಬಗ್ಗೆ ಪ್ರಾಂಶುಪಾಲರಿಗಿಂತ ಚೆನ್ನಾಗಿ ಹೇಳುತ್ತದೆ.

ಬಿಕಾಂ, ಬಿಬಿಎ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. ಬಿಕಾಂ ಒಳ್ಳೆಯ ಡಿಗ್ರಿ. ಲೆಕ್ಕಪತ್ರ, ತೆರಿಗೆ, ಆಡಿಟ್, ಜಿಎಸ್‌ಟಿ ಕಲಿಯುತ್ತೀರಿ. ಆಡಿಟರ್ ಆಫೀಸು, ರೈಸ್ ಮಿಲ್ಲು, ಸಹಕಾರಿ ಬ್ಯಾಂಕು, ತೋರಣಗಲ್ಲಿನ ಕಾರ್ಖಾನೆಗಳ ಗುತ್ತಿಗೆದಾರರು – ಊರಲ್ಲೇ ಕೆಲಸ ಬೇಗ ಸಿಗುವುದು ಇದಕ್ಕೇ. ಸಿಎ ಮಾಡುವವರಿಗೂ ಇದೇ ದಾರಿ. ಆದರೆ ಇದು ಅರ್ಥಶಾಸ್ತ್ರದ ಡಿಗ್ರಿ ಅಲ್ಲ. ವ್ಯವಹಾರ ಅರ್ಥಶಾಸ್ತ್ರ ಅಂತ ಒಂದೆರಡು ಪತ್ರಿಕೆ ಬರುತ್ತದೆ, ಅಷ್ಟೇ. ಒಂದು ಅಂಗಡಿಯ ಲೆಕ್ಕ ಸರಿಯಾಗಿದೆಯಾ ಅಂತ ನೋಡುವುದು ನಿಮಗೆ ಇಷ್ಟವಾ, ಬಜಾರಿನಲ್ಲಿ ಎಲ್ಲ ಅಂಗಡಿಯೂ ಒಟ್ಟಿಗೆ ಯಾಕೆ ಬೆಲೆ ಏರಿಸಿದವು ಅಂತ ಕೇಳುವುದು ಇಷ್ಟವಾ? ಮೊದಲನೆಯದಾದರೆ ಬಿಕಾಂಗೆ ಹೋಗಿ. ಎರಡನೆಯದಾದರೆ ಮನೆಯವರ ಒತ್ತಾಯಕ್ಕೆ ಬಿಕಾಂ ಸೇರಿ ಮೂರು ವರ್ಷ ಬೇಸರದಲ್ಲಿ ಕಳೆಯಬೇಡಿ.

ಬಿಬಿಎಯೂ ಹಾಗೆಯೇ. ವ್ಯಾಪಾರ ಆಡಳಿತಕ್ಕೆ ಅದು, ಅರ್ಥಶಾಸ್ತ್ರಕ್ಕಲ್ಲ.

ಗಣಿತದ ಜೊತೆ ಬಿಎಸ್ಸಿ

ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರೂ ಸೇರಿದ ಬಿಎಸ್ಸಿ ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಬಹಳ ವರ್ಷದಿಂದ ಇದೆ. ಇಎಂಎಸ್ ಅನ್ನುತ್ತಾರೆ. ಮೂರು ವರ್ಷದ ಡಿಗ್ರಿಗಳಲ್ಲಿ ಅರ್ಥಶಾಸ್ತ್ರದ ಮುಂದಿನ ಓದಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ನಮ್ಮ ಕಡೆ ಇಂಥ ಅವಕಾಶ ಬಹಳ ಕಡಿಮೆ. ಪಿಯುನಲ್ಲಿ ಪಿಸಿಎಂಬಿ ಓದಿ, ಎಂಜಿನಿಯರಿಂಗ್ ಬೇಡ ಅನ್ನಿಸಿದವರು ಇದನ್ನು ಯೋಚಿಸಲೇಬೇಕು. ಸೈನ್ಸ್ ಓದಿದವರು ಅರ್ಥಶಾಸ್ತ್ರಕ್ಕೆ ಬಂದರೆ 'ಇಳಿದು ಬಂದ' ಅಂತ ನೋಡುವ ಚಾಳಿ ನಮ್ಮಲ್ಲಿದೆ. ಗಣಿತ ಬಲ್ಲವರನ್ನು ಈ ವಿಷಯ ಕೈಬೀಸಿ ಕರೆಯುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕಾಮರ್ಸ್‌ನಲ್ಲಿ ಎಸ್‌ಇಬಿಎ ತೆಗೆದುಕೊಂಡು ಸಂಖ್ಯಾಶಾಸ್ತ್ರ ಓದಿದವರಿಗೂ ಒಂದು ಹೆಜ್ಜೆ ಮುಂದೆ ಇದ್ದಂತೆಯೇ.

ಇಎಂಎಸ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಊರಲ್ಲೇ ಗಣಿತ ಇರುವ ಸಾಮಾನ್ಯ ಬಿಎಸ್ಸಿ ಮಾಡಿ, ಆಮೇಲೆ ಎಂಎ ಅರ್ಥಶಾಸ್ತ್ರಕ್ಕೆ ಹೋಗುವುದು. ಪ್ರವೇಶ ಪರೀಕ್ಷೆಯ ಮೂಲಕ ತೆಗೆದುಕೊಳ್ಳುವ ಹಲವು ದೊಡ್ಡ ಸಂಸ್ಥೆಗಳಲ್ಲಿ ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದಿರಲೇಬೇಕು ಅಂತಿಲ್ಲ. ಗಣಿತದ ಹುಡುಗ ಅರ್ಥಶಾಸ್ತ್ರ ಕಲಿಯುವುದು, ಅರ್ಥಶಾಸ್ತ್ರದ ಹುಡುಗ ಗಣಿತ ಕಲಿಯುವುದಕ್ಕಿಂತ ಸುಲಭ. ನನ್ನ ವಿಷಯದ ಬಗ್ಗೆ ನಾನೇ ಹೀಗೆ ಹೇಳಬೇಕಾಗಿ ಬಂದಿದೆ, ಏನು ಮಾಡುವುದು.

ಹೊರಗೆ ಹೋಗುವುದಾದರೆ

ಹೊರಗೆ ಅಂದರೆ ಡೆಲ್ಲಿ ಅಂತಲೇ ಎಲ್ಲರ ತಲೆಯಲ್ಲಿದೆ. ಹತ್ತಿರದವುಗಳಿಂದ ಶುರು ಮಾಡೋಣ.

ಕಲಬುರಗಿಯ ಹತ್ತಿರ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಶುರುವಾದದ್ದು. ರಾಯಚೂರಿನಿಂದ ರೈಲು ಹತ್ತಿದರೆ ಅದೇ ದಿನ ಹೋಗಿ ವಿಚಾರಿಸಿ ಬರಬಹುದು. ಅಷ್ಟು ಹತ್ತಿರದಲ್ಲಿದ್ದರೂ ನಮ್ಮ ಮಕ್ಕಳು ಅರ್ಜಿ ಹಾಕುವುದೇ ಕಡಿಮೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಯು ಆದಮೇಲೆ ಸೇರಬಹುದಾದ ಐದು ವರ್ಷದ ಇಂಟಿಗ್ರೇಟೆಡ್ ಎಂಎ ಅರ್ಥಶಾಸ್ತ್ರ ಇದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ಆದರೆ ಸಿಕ್ಕರೆ ಐದು ವರ್ಷದ ಚಿಂತೆ ಒಂದೇ ಸಲ ಮುಗಿಯುತ್ತದೆ. ತೆಲುಗು ಬಲ್ಲ ನಮ್ಮ ಗಡಿ ಊರಿನ ಮಕ್ಕಳಿಗೆ ಅಲ್ಲಿ ಪರಕೀಯ ಅನ್ನಿಸುವುದೂ ಇಲ್ಲ.

ಬೆಂಗಳೂರಿನಲ್ಲಿ ಎರಡು ಹೆಸರು ಹೇಳುತ್ತೇನೆ. ಜ್ಞಾನಭಾರತಿ ಬಳಿ ಇರುವ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ 2017ರಲ್ಲಿ ರಾಜ್ಯ ಸರ್ಕಾರವೇ ಶುರು ಮಾಡಿದ್ದು. ಅರ್ಥಶಾಸ್ತ್ರಕ್ಕೆ ಅಂತಲೇ ಇರುವ ಸಂಸ್ಥೆ. ಅಂಬೇಡ್ಕರ್ ಅವರು ಕೊಲಂಬಿಯಾದಲ್ಲೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಓದಿದ್ದು ಮುಖ್ಯವಾಗಿ ಅರ್ಥಶಾಸ್ತ್ರವನ್ನೇ, ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇಲ್ಲಿ ಗಣಿತ, ಸಂಖ್ಯಾಶಾಸ್ತ್ರ ಮೊದಲ ವರ್ಷದಿಂದಲೇ ಗಟ್ಟಿಯಾಗಿ ಇರುತ್ತದೆ. ಎರಡನೆಯದು ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಖಾಸಗಿ, ಶುಲ್ಕ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಮನೆಯ ಆದಾಯ ನೋಡಿ ಶುಲ್ಕ, ಹಾಸ್ಟೆಲು, ಊಟದ ಖರ್ಚಿನಲ್ಲಿ ದೊಡ್ಡ ಭಾಗವನ್ನೇ ಬಿಡುತ್ತಾರೆ. ಬಡ ಮನೆಯ ಮಕ್ಕಳು ಶುಲ್ಕದ ಪಟ್ಟಿ ನೋಡಿಯೇ ವಾಪಸ್ ಬರುವುದು ನನಗೆ ಬೇಸರದ ವಿಷಯ. ಅರ್ಜಿ ಹಾಕಿ, ಆಮೇಲೆ ನೋಡೋಣ.

ಡೆಲ್ಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಅರ್ಥಶಾಸ್ತ್ರಕ್ಕೆ ಹೆಸರು ದೊಡ್ಡದು. ಅಲ್ಲಿ ಒಂದು ಷರತ್ತಿದೆ: ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಬರೆಯಲೇಬೇಕು. ಅಂದರೆ ಎಚ್‌ಇಪಿಎಸ್‌ನಂಥ ಆರ್ಟ್ಸ್ ಕಾಂಬಿನೇಷನ್ ಓದಿದ ಹುಡುಗಿ ನೂರಕ್ಕೆ ತೊಂಬತ್ತೆಂಟು ತೆಗೆದರೂ ಆ ಬಾಗಿಲು ಮುಚ್ಚಿದೆ. ಇದು ಗೊತ್ತಾಗುವುದು ಪಿಯು ಮುಗಿದ ಮೇಲೆ. ಗೊತ್ತಾಗಬೇಕಾದದ್ದು ಎಸ್ಸೆಸ್ಸೆಲ್ಸಿ ಮುಗಿದಾಗ.

ಈ ಸಿಯುಇಟಿ ಬಗ್ಗೆ ಸ್ವಲ್ಪ ಹೇಳಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಡಿಗ್ರಿಗೆ 2022ರಿಂದ ಇದೇ ಪ್ರವೇಶ ಪರೀಕ್ಷೆ. ಇದನ್ನು ಕನ್ನಡದಲ್ಲಿ ಬರೆಯಬಹುದು! ಪಾಠ ಎನ್‌ಸಿಇಆರ್‌ಟಿಯದು, ನಮ್ಮ ದ್ವಿತೀಯ ಪಿಯು ಅರ್ಥಶಾಸ್ತ್ರದ ಪಾಠಗಳೂ ಅಲ್ಲಿಂದಲೇ ಬಂದವು. ಅಂದರೆ ಬೋರ್ಡ್ ಪರೀಕ್ಷೆಗೆ ಸರಿಯಾಗಿ ಓದಿದವರಿಗೆ ಹೊಸದಾಗಿ ಓದುವುದು ಹೆಚ್ಚೇನಿಲ್ಲ. ಬಹು ಆಯ್ಕೆಯ ಪ್ರಶ್ನೆಗೆ ಕೈ ಪಳಗಿಸಿಕೊಂಡರೆ ಸಾಕು. ತೊಂದರೆ ಇರುವುದು ದಿನಾಂಕದಲ್ಲಿ. ಅರ್ಜಿಯ ಸಮಯ ನಮ್ಮ ಬೋರ್ಡ್ ಪರೀಕ್ಷೆಗೆ ಮೊದಲೋ ಅದರ ಆಸುಪಾಸಿನಲ್ಲೋ ಬರುತ್ತದೆ. ಫಲಿತಾಂಶ ಬಂದಮೇಲೆ ನೋಡೋಣ ಅಂದವರಿಗೆ ಗಡುವು ಮುಗಿದಿರುತ್ತದೆ. ಡಿಸೆಂಬರಿನಿಂದಲೇ ವಾರಕ್ಕೊಮ್ಮೆ ವೆಬ್‌ಸೈಟ್ ನೋಡುತ್ತಿರಿ.

ಹೊರಗೆ ಹೋದವರಿಗೆ ಮೊದಲ ವರ್ಷ ನಿಜವಾಗಿ ಕಷ್ಟವಾಗುವುದು ಇಂಗ್ಲಿಷ್. ಪ್ರವೇಶ ಪರೀಕ್ಷೆ ಕನ್ನಡದಲ್ಲಿ ಬರೆದರೂ ಪಾಠ ಇಂಗ್ಲಿಷಿನಲ್ಲೇ. ಸೀಮಾಂತ ತುಷ್ಟಿಗುಣ, ಸ್ಥಿತಿಸ್ಥಾಪಕತ್ವ ಅಂತ ಕಲಿತವರು ಅವೇ ವಿಚಾರಗಳನ್ನು ಇಂಗ್ಲಿಷಿನಲ್ಲಿ ಕೇಳಿ ಕಂಗಾಲಾಗುತ್ತಾರೆ. ಒಂದು ಸೆಮಿಸ್ಟರಿನಲ್ಲಿ ಇದು ಸರಿಹೋಗುತ್ತದೆ. ವಿಷಯ ಗೊತ್ತಿದ್ದವರಿಗೆ ಹೆಸರು ಹೊಸದು, ಅಷ್ಟೇ. ಆ ಮೊದಲ ಸೆಮಿಸ್ಟರಿನಲ್ಲಿ ಬ್ಯಾಗು ಕಟ್ಟಿಕೊಂಡು ವಾಪಸ್ ಬರುವವರೂ ಇದ್ದಾರೆ. ಮನೆಯವರು ಆಗ "ಬಂದ್ಬಿಡು, ಇಲ್ಲೇ ಓದಿದ್ರಾಯ್ತು" ಅನ್ನುವ ಬದಲು ಮೂರು ತಿಂಗಳು ತಾಳ್ಮೆ ತೋರಿಸಿದರೆ ಸಾಕು.

ಇನ್ನೊಂದು ವ್ಯತ್ಯಾಸ: ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಮುಂದುವರಿದಿದೆ. ಅಲ್ಲಿ ನಾಲ್ಕು ವರ್ಷ ಓದಿದವರು ಒಂದು ವರ್ಷದ ಎಂಎ ಮಾಡಬಹುದು. ನಮ್ಮಲ್ಲಿ ಮೂರು ವರ್ಷ ಓದಿದವರು ಎರಡು ವರ್ಷದ ಎಂಎ ಮಾಡುತ್ತಾರೆ. ಲೆಕ್ಕ ಹಾಕಿದರೆ ಎರಡೂ ಐದೇ ವರ್ಷ.

ದೂರಶಿಕ್ಷಣ

ಕೆಲಸ ಮಾಡುತ್ತಾ ಓದಬೇಕಾದವರಿಗೆ, ಮದುವೆಯಾಗಿ ಓದು ನಿಂತವರಿಗೆ ಇದು ದೊಡ್ಡ ಆಸರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಓದಬಹುದು. ಹಿಂದೆ ಕೆಲವು ವರ್ಷ ಅದರ ಯುಜಿಸಿ ಮಾನ್ಯತೆಗೆ ತೊಡಕಾಗಿತ್ತು, 2018ರಲ್ಲಿ ಸರಿಹೋಯಿತು. ಹಳೆಯ ಗಾಳಿಮಾತಿಗೆ ಈಗ ಕಿವಿ ಕೊಡಬೇಕಿಲ್ಲ. ಇಗ್ನೋದಲ್ಲಿ ಅರ್ಥಶಾಸ್ತ್ರಕ್ಕೇ ಬಿಎ ಆನರ್ಸ್ ಇದೆ, ಇಂಗ್ಲಿಷಿನಲ್ಲಿ. ಅದರ ಪಠ್ಯ ಬಹಳ ಚೆನ್ನಾಗಿದೆ, ಗಣಿತದ ಪತ್ರಿಕೆಗಳೂ ಇವೆ. ಇಗ್ನೋ ಸೇರದವರೂ ಆ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ರೆಗ್ಯುಲರ್ ಕಾಲೇಜಿಗೆ ಹೋಗುವ ಅವಕಾಶ ಇರುವ ಹದಿನೆಂಟರ ಮಕ್ಕಳಿಗೆ ಮಾತ್ರ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಒಬ್ಬರೇ ಕೂತು ಓದುವ ಶಿಸ್ತು ಆ ವಯಸ್ಸಿಗೆ ಎಲ್ಲರಿಗೂ ಇರುವುದಿಲ್ಲ.

ಗಣಿತದ ಮಾತು

ತರಗತಿಯಲ್ಲಿ ಯಾರಿಗಾದರೂ ಮುಂದೆ ಅರ್ಥಶಾಸ್ತ್ರ ಓದು ಅಂದರೆ ಬರುವ ಉತ್ತರ: "ಲೆಕ್ಕ ಬ್ಯಾಡ ಅಂತನಾ ಆರ್ಟ್ಸ್ ತಗಂಡಿದ್ದು ಸರ್." ತಪ್ಪು ಅವರದ್ದಲ್ಲ. ಹೈಸ್ಕೂಲಿನಲ್ಲಿ ಗಣಿತಕ್ಕೆ ಮೇಷ್ಟ್ರೇ ಇಲ್ಲದೆ ವರ್ಷ ಕಳೆದ ಮಕ್ಕಳು ಎಷ್ಟೋ ಜನ.

ಆದರೆ ಮುಂದೆ ಏನಾಗುತ್ತದೆ ನೋಡಿ. ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಭಾರತೀಯ ಸಾಂಖ್ಯಿಕ ಸಂಸ್ಥೆ – ಇಂಥ ಕಡೆ ಎಂಎ, ಎಂಎಸ್‌ಗೆ ಪ್ರವೇಶ ಪರೀಕ್ಷೆ ಬರೆಯಬೇಕಾದರೆ ಕಲನಶಾಸ್ತ್ರ, ಸಂಭವನೀಯತೆ, ಸ್ವಲ್ಪ ಮ್ಯಾಟ್ರಿಕ್ಸ್ ಬೇಕೇ ಬೇಕು. ಕೇಂದ್ರ ಸರ್ಕಾರದ ಎಸ್‌ಎಸ್‌ಸಿ ಸಿಜಿಎಲ್ ನೇಮಕಾತಿ ಪರೀಕ್ಷೆಯಲ್ಲಿ ಜೂನಿಯರ್ ಸ್ಟಾಟಿಸ್ಟಿಕಲ್ ಆಫೀಸರ್ ಹುದ್ದೆ ಇದೆ. ಅದಕ್ಕೆ ಪಿಯು ಗಣಿತದಲ್ಲಿ ಶೇ 60 ಅಂಕ, ಇಲ್ಲವೇ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು. ಪಿಯುನಲ್ಲೂ ಗಣಿತ ಇಲ್ಲದ ಎಚ್‌ಇಪಿಯವರಿಗೆ ಅರ್ಜಿ ಹಾಕಲೇ ಆಗುವುದಿಲ್ಲ. ಅಂಕಿಅಂಶ ನೋಡಿ ವಿಶ್ಲೇಷಣೆ ಮಾಡುವ ಖಾಸಗಿ ಕೆಲಸಗಳಿಗೂ ಇದೇ ಕೇಳುತ್ತಾರೆ.

ಹಾಗಾದರೆ ಆರ್ಟ್ಸ್ ಓದಿದವರು ಕೈಬಿಡಬೇಕಾ? ಇಲ್ಲ. ಡಿಗ್ರಿಯ ಮೂರು ವರ್ಷ ಸಮಯ ಇದೆ. ಮೊದಲ ವರ್ಷ ಎನ್‌ಸಿಇಆರ್‌ಟಿಯ 11ನೇ ತರಗತಿಯ ಗಣಿತ ಮತ್ತು ಅರ್ಥಶಾಸ್ತ್ರಕ್ಕಾಗಿ ಸಂಖ್ಯಾಶಾಸ್ತ್ರದ ಪುಸ್ತಕ. ಎರಡನೇ ವರ್ಷ 12ರ ಗಣಿತದಲ್ಲಿ ಫಲನ, ಅವಕಲನ, ಮ್ಯಾಟ್ರಿಕ್ಸ್, ಸಂಭವನೀಯತೆ ಅಧ್ಯಾಯಗಳು. ರೇಖಾಗಣಿತದ ಎಷ್ಟೋ ಭಾಗ ಬಿಟ್ಟರೂ ನಡೆಯುತ್ತದೆ. ಮೂರನೇ ವರ್ಷ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುವ ಇಕನಾಮೆಟ್ರಿಕ್ಸ್ (ಅಂಕಿಅಂಶದಿಂದ ಅರ್ಥಶಾಸ್ತ್ರದ ಸಂಬಂಧಗಳನ್ನು ಅಳೆಯುವುದು) ಕೋರ್ಸ್ ಒಂದು. ಪುಸ್ತಕದ ಪಿಡಿಎಫ್ ಉಚಿತ, ಮೊಬೈಲ್ ಎಲ್ಲರ ಕೈಯಲ್ಲಿದೆ. ದಿನಕ್ಕೆ ಒಂದು ಗಂಟೆ ಸಾಕು. ಬಿಎಸ್ಸಿ ಗಣಿತ ಓದುವ ಗೆಳೆಯನೊಬ್ಬ ಹಾಸ್ಟೆಲಿನಲ್ಲಿದ್ದರೆ ಇನ್ನೂ ಒಳ್ಳೆಯದು, ಅವನಿಗೆ ಇತಿಹಾಸ ಹೇಳಿಕೊಡಿ, ಅವನಿಂದ ಲೆಕ್ಕ ಹೇಳಿಸಿಕೊಳ್ಳಿ.

ಡಿಗ್ರಿ ಆದಮೇಲೆ

ಬ್ಯಾಂಕ್ ಪಿಒ, ಎಫ್‌ಡಿಎ, ಪಿಡಿಒ, ಕೆಎಎಸ್ – ಇವಕ್ಕೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಜೊತೆಗೆ ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಬಲವಿದೆ. ಇಲ್ಲಿಯ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಸ್ಥಳೀಯರಿಗೆ. ಗುರಿ ಇದೇ ಆಗಿದ್ದರೆ ಡೆಲ್ಲಿಗೆ ಹೋಗಿ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಪಿಯು ಉಪನ್ಯಾಸಕರಾಗಲು ಎಂಎಯಲ್ಲಿ ಶೇ 55 ಅಂಕದ ಜೊತೆ ಬಿಎಡ್ ಬೇಕು. ಡಿಗ್ರಿ ಕಾಲೇಜಿಗೆ ಎಂಎ ಜೊತೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಇಂಡಿಯನ್ ಎಕನಾಮಿಕ್ ಸರ್ವಿಸ್ ಅಂತ ಒಂದಿದೆ, ಐಎಎಸ್ ನಡೆಸುವ ಯುಪಿಎಸ್‌ಸಿಯೇ ಇದನ್ನೂ ನಡೆಸುತ್ತದೆ. 21ರಿಂದ 30 ವರ್ಷದೊಳಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇರಬೇಕು, ಮೀಸಲಾತಿ ಇರುವವರಿಗೆ ವಯಸ್ಸಿನ ರಿಯಾಯಿತಿ ಇದೆ. ಪರೀಕ್ಷೆ ಇಂಗ್ಲಿಷಿನಲ್ಲೇ, ಗಣಿತ ಧಾರಾಳ, ಹುದ್ದೆ ಬೆರಳೆಣಿಕೆ. ರಿಸರ್ವ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರ ಓದಿದವರಿಗೇ ಅಂತ ಗ್ರೇಡ್ ಬಿ ಹುದ್ದೆಗಳಿವೆ, ಅದಕ್ಕೂ ಸ್ನಾತಕೋತ್ತರ ಬೇಕು. ಬರೀ ಡಿಗ್ರಿ ಇಟ್ಟುಕೊಂಡು 'ಅರ್ಥಶಾಸ್ತ್ರಜ್ಞ' ಅನ್ನುವ ಕೆಲಸ ಸಿಗುವುದಿಲ್ಲ. ಈ ವಿಷಯದಲ್ಲಿ ಎಂಎವರೆಗೂ ಹೋಗುವ ಯೋಚನೆ ಮೊದಲೇ ಇರಲಿ.

ದುಡ್ಡಿನ ಮಾತು

ಊರ ಸರ್ಕಾರಿ ಕಾಲೇಜಿನ ಶುಲ್ಕ ಯಾರಿಗೂ ಹೊರೆಯಲ್ಲ. ಹೆಣ್ಣುಮಕ್ಕಳಿಗೆ ಇನ್ನೂ ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಬಸ್ ಖರ್ಚೂ ಇಲ್ಲ. ಊರ ಕಾಲೇಜಿನಲ್ಲಿ ಅರ್ಥಶಾಸ್ತ್ರ ಸರಿಯಿಲ್ಲದಿದ್ದರೆ ಪಕ್ಕದ ತಾಲ್ಲೂಕಿನ ಒಳ್ಳೆಯ ಕಾಲೇಜಿಗೆ ಹುಡುಗಿಯರು ಈಗ ಆರಾಮಾಗಿ ಓಡಾಡಬಹುದು. ಇದು ಚಿಕ್ಕ ಬದಲಾವಣೆ ಅಲ್ಲ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಹಣ ಬರುತ್ತದೆ. 10 ಮತ್ತು 12 ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ, ಬಿಎ ಓದುವವರಿಗೆ ಇದರಲ್ಲಿ ವರ್ಷದ ಖರ್ಚು ಹೆಚ್ಚುಕಡಿಮೆ ಕಳೆಯುತ್ತದೆ. ಸರ್ಕಾರದ ಉಳಿದ ವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಅರ್ಜಿ. ಆಧಾರ್‌ನಲ್ಲಿರುವ ಹೆಸರು, ಮಾರ್ಕ್ಸ್ ಕಾರ್ಡಿನ ಹೆಸರು ಒಂದೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ನನ್ನನ್ನು ಕೇಳಿದರೆ

ಸರ್ಕಾರಿ ನೌಕರಿಯೇ ಗುರಿ, ಮನೆಯಲ್ಲಿ ದುಡ್ಡಿಲ್ಲ: ಊರಲ್ಲೇ ಎಚ್‌ಇಪಿ. ಉಳಿದ ಹಣ, ಸಮಯ ಎರಡನ್ನೂ ಪರೀಕ್ಷೆಯ ತಯಾರಿಗೆ ಹಾಕಿ.

ಪಿಯುನಲ್ಲಿ ಗಣಿತ ಇತ್ತು, ಅಂಕವೂ ಚೆನ್ನಾಗಿದೆ, ಅರ್ಥಶಾಸ್ತ್ರ ನಿಜವಾಗಿ ಇಷ್ಟ: ಸಿಯುಇಟಿ ಬರೆದು ಹೈದರಾಬಾದ್, ಬೆಂಗಳೂರು, ಕಲಬುರಗಿ ಮೂರಕ್ಕೂ ಪ್ರಯತ್ನಿಸಿ. ಡೆಲ್ಲಿ ಆದರೆ ಆಗಲಿ.

ಆರ್ಟ್ಸ್ ಓದಿದ್ದೀರಿ, ಗಣಿತ ಇಲ್ಲ, ಆದರೂ ಈ ವಿಷಯ ಬಿಡಲು ಮನಸ್ಸಿಲ್ಲ. ನನ್ನ ತರಗತಿಯಲ್ಲಿ ಹೀಗೆ ಹೇಳುವವರೇ ಜಾಸ್ತಿ. ಅವರಿಗೆ ನಾನು ಹೇಳುವುದು: ಊರಲ್ಲೇ ಬಿಎ ಮಾಡಿ, ಮೂರು ವರ್ಷ ಪಕ್ಕದಲ್ಲಿ ಗಣಿತ ಕಲಿಯಿರಿ, ಎಂಎಗೆ ಹೊರಗೆ ಹೋಗಿ. ಹದಿನೆಂಟಕ್ಕೆ ಹೋಗುವುದಕ್ಕಿಂತ ಇಪ್ಪತ್ತೊಂದಕ್ಕೆ ಹೋದವರು ಅಲ್ಲಿ ಗಟ್ಟಿಯಾಗಿ ನಿಲ್ಲುವುದನ್ನೂ ನೋಡಿದ್ದೇನೆ. ಮುಂದೆ ಓದುವ ಸಂಸ್ಥೆಯ ಹೆಸರೇ ಎಲ್ಲರಿಗೂ ನೆನಪಿರುವುದು, ಡಿಗ್ರಿ ಎಲ್ಲಿ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಇನ್ನೂ ಎಸ್ಸೆಸ್ಸೆಲ್ಸಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಪಿಯು ಸೇರುವಾಗ ಗಣಿತವೋ ಸಂಖ್ಯಾಶಾಸ್ತ್ರವೋ ಇರುವ ಕಾಂಬಿನೇಷನ್ ಕೇಳಿ. ಆ ಕಾಲೇಜಿನಲ್ಲಿ ಇಲ್ಲ ಅಂದರೆ ಇರುವ ಕಾಲೇಜನ್ನು ಹುಡುಕಿ.

ಯಾವ ದಾರಿ ಹಿಡಿದರೂ 371ಜೆ ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಇದರ ಮೇಲೇ ನಿಂತಿದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಉಪವಿಭಾಗಾಧಿಕಾರಿ ಕಚೇರಿಯಿಂದ ಬರುತ್ತದೆ. ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಡಿಸೆಂಬರಿನಲ್ಲೇ ಹೋಗಿ.